ಕಡಲೆ ಬಿತ್ತಲು ಅವಸರವೂ ಬೇಡ, ಆಲಸ್ಯವೂ ಬೇಡ

ಹೆಸರಿನ ರಾಶಿ ಮುಗಿದು ಎರೆಹೊಲ ಖಾಲಿಯಾಯಿತೆಂದರೆ ನಮ್ಮ ರೈತ ಬಾಂಧವರ ಕೈ ಸುಮ್ಮನಿರುವುದಿಲ್ಲ. ಉತ್ತರೆ ಮಳೆ ಒಂದು ಹದ ಕೊಟ್ಟರೆ ಸಾಕು, ಸೆಪ್ಟೆಂಬರ್ ಮೂರನೆಯ ವಾರದಲ್ಲೇ ಕೂರಿಗೆ ಹೊಲ ಸೇರುತ್ತದೆ. ಒಬ್ಬರು ಬಿತ್ತಿದರೆಂದು ಮಗ್ಗುಲಿನವರು, ಅವರು ಬಿತ್ತಿದರೆಂದು ಊರೇ. ಮುಂದೆ ಹೊಲದ ನಡುವೆ ಗಿಡಗಳು ಬಾಡಿ ನಿಂತಾಗ, "ಸಿಡಿ ಹಾದೈತ್ರಿ ಸಾಹೇಬ್ರ, ಔಷಧ ಬರದ ಕೊಡ್ರಿ" ಎಂದು ಬರುತ್ತಾರೆ.

ಬಾಡಿದ ಗಿಡವನ್ನು ಎಬ್ಬಿಸುವ ಔಷಧವಿಲ್ಲ. ಸಿಡಿರೋಗದ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಕಡಲೆ ಬಿತ್ತದಿದ್ದರೂ ಐದಾರು ವರ್ಷ ಬದುಕಿರುತ್ತದೆ. ಬೀಜದ ಮೂಲಕವೂ ಬರುತ್ತದೆ. ಭೂಮಿ ಇನ್ನೂ ಬಿಸಿಯಾಗಿರುವಾಗ ಬಿತ್ತಿದರೆ ಎಳೆಯ ಬೇರಿಗೆ ಅದು ಬೇಗ ಅಂಟುತ್ತದೆ. ಬಿಸಿಯ ಜೊತೆಗೆ ಹಸಿಯೂ ಹೆಚ್ಚಿದ್ದು, ಹೆಸರಿನ ಕಸ ಕೊಳೆಯದೆ ಉಳಿದಿದ್ದರೆ ಬುಡಕೊಳೆ ಬೇರೆ. ಬುಡದಲ್ಲಿ ಬಿಳಿ ಬೂಸ್ಟು, ಸಾಸಿವೆಯಂಥ ಕಾಳು ಕಂಡರೆ ಅದೇ.

ಹಾಗಾದರೆ ತಡವಾಗಿ ಬಿತ್ತೋಣವೆಂದರೆ ಅಲ್ಲೂ ಶತ್ರು ಕಾದಿದ್ದಾನೆ. ನವೆಂಬರ್ ನಡುವಿನಲ್ಲಿ ಬಿತ್ತಿದ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ನೆಲದ ಹಸಿ ಆರಿ, ಬಿಸಿಲು 30 ಡಿಗ್ರಿ ದಾಟಿರುತ್ತದೆ. ಒಣ ಬೇರುಕೊಳೆಗೆ ಬೇಕಾದದ್ದು ಇದೇ. ಸಿಡಿ ತಡೆಯುವ ತಳಿಯೆಂದು ನಂಬಿ ಕೂತವರ ಹೊಲದಲ್ಲೂ ಇದು ಬರುತ್ತದೆ, ಏಕೆಂದರೆ ಅದು ಬೇರೆಯೇ ಶಿಲೀಂಧ್ರ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಆಳವಾದ ಎರೆಭೂಮಿಯಲ್ಲಿ ಹಸ್ತದ ಕೊನೆಯಿಂದ ಚಿತ್ತ ಮುಗಿಯುವವರೆಗೆ, ಅಂದರೆ ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ಸುಮಾರು ಹದಿನೈದು ದಿನ, ಒಳ್ಳೆಯ ಕಾಲ. ಮಸಾರಿ ಬೆರೆತ ತೆಳು ಭೂಮಿಯವರು ಇಷ್ಟು ಕಾಯಲಾಗದು. ಅವರ ಹಸಿ ಬೇಗ ಆರುತ್ತದೆ. ಎಲ್ಲ ಹೊಲಕ್ಕೂ ಒಂದೇ ತಾರೀಖು ಹೇಳುವ ನಮ್ಮ ಇಲಾಖೆಯವರ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಒಂದು ವರ್ಷ ಚಿತ್ತಾ ಮಳೆಯನ್ನು ನಂಬಿ "ಇನ್ನೊಂದು ವಾರ ತಡೆಯಿರಿ" ಎಂದೆ. ಮಳೆ ಬರಲಿಲ್ಲ, ಮೇಲ್ಮಣ್ಣು ಆರಿತು, ಸಾಲಿನಲ್ಲಿ ಅರ್ಧ ಬೀಜವೂ ಏಳಲಿಲ್ಲ. ಆ ರೈತರು ನನ್ನನ್ನು ಬಯ್ಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ತಾರೀಖಿಗಿಂತ ಮೊದಲು ಮಣ್ಣು ನೋಡುತ್ತೇನೆ. ಮೂರು-ನಾಲ್ಕು ಬೆರಳು ಕೆಳಗಿನ ಮಣ್ಣು ಹಿಡಿದರೆ ಉಂಡೆ ಕಟ್ಟಬೇಕು. ಕಟ್ಟುವಷ್ಟು ಹಸಿ ಇರುವವರೆಗೆ ಮಾತ್ರ ಕಾಯಬಹುದು. ಹೊಲ ಹೆಚ್ಚಿದ್ದವರು ಒಂದೇ ದಿನ ಬಿತ್ತದೆ ಎಂಟು-ಹತ್ತು ದಿನದ ಅಂತರದಲ್ಲಿ ಎರಡು ಪಾಲು ಮಾಡುವುದು ಲೇಸು. ಟ್ರ್ಯಾಕ್ಟರಿನವರು ಎರಡು ಸಲ ಬರಲು ಗೊಣಗುತ್ತಾರೆ, ನಿಜ.

ಸರಿಯಾದ ಕಾಲವೊಂದೇ ಸಾಲದು. ಹಳೆಯ ಅಣ್ಣಿಗೇರಿ-1 ರುಚಿಗೂ ಇಳುವರಿಗೂ ಹೆಸರಾದದ್ದು, ಆದರೆ ಸಿಡಿಗೆ ಸೋಲುತ್ತದೆ. ರೋಗ ಕಂಡ ಹೊಲಕ್ಕೆ ಜೆಜಿ-11 ಅಥವಾ 2019ರಲ್ಲಿ ಬಿಡುಗಡೆಯಾದ ಸೂಪರ್ ಅಣ್ಣಿಗೇರಿ-1 ಮೇಲು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ. ಅದರ ಜೊತೆ ಕಾರ್ಬೆಂಡಜಿಂ ಬೆರೆಸಬೇಡಿ. ಅದು ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ಜೋಳದೊಂದಿಗೆ ಬೆಳೆ ಬದಲಿಸುವುದು ಒಳ್ಳೆಯದೇ, ಆದರೆ ಒಂದೇ ವರ್ಷದಲ್ಲಿ ರೋಗ ತೊಲಗೀತೆಂದು ತಿಳಿಯಬಾರದು.

ಈ ಹಂಗಾಮಿನಲ್ಲಿ ಗಿಡ ಬಾಡಿದರೆ ಕಿತ್ತು, ಬೇರನ್ನು ಉದ್ದಕ್ಕೆ ಸೀಳಿ ನೋಡಿರಿ. ಹೊರಗೆ ಚೆನ್ನಾಗಿದ್ದು ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಸಿಡಿ. ತಾಯಿಬೇರು ಒಣಗಿ, ಕೀಳುವಾಗಲೇ ಪಟ್ಟನೆ ಮುರಿದರೆ ಒಣ ಬೇರುಕೊಳೆ. ಯಾವ ಹೊಲ, ಎಂದು ಬಿತ್ತಿದ್ದು, ಯಾವ ರೋಗ ಎಂದು ಒಂದು ಪಟ್ಟಿಯಲ್ಲಿ ಬರೆದಿಡಿ. ಮುಂದಿನ ಸೆಪ್ಟೆಂಬರಿನಲ್ಲಿ ಬೀಜಕ್ಕೆಂದು ರೈತ ಸಂಪರ್ಕ ಕೇಂದ್ರಕ್ಕೆ ಬರುವಾಗ ಆ ಪಟ್ಟಿ ಕೈಯಲ್ಲಿರಲಿ.