ಯಂತ್ರಕ್ಕೆ ಹುಕುಂ ಕೊಡುವುದನ್ನು ಕಾಮರ್ಸ್‌ನವರೂ ಕಲಿಯಲಿ

"ಕೋಡಿಂಗ್ ಎಲ್ಲ ಸೈನ್ಸ್‌ನವರಿಗೆ, ನಮಗೇಕೆ?" ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಹಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ.

ವಿಮ್ ಎಂಬ ಉಚಿತ ಟೆಕ್ಸ್ಟ್ ಎಡಿಟರ್ ಇದೆ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅದನ್ನು 1991ರಲ್ಲಿ ಹೊರತಂದರು. ಅದರಲ್ಲಿ 'ಆಟೋಕಮಾಂಡ್' ಎಂಬ ಸೌಲಭ್ಯವಿದೆ. ಇಂಥದ್ದು ನಡೆದಾಗ, ಇಂಥ ಫೈಲಿಗೆ, ಇಂಥ ಕೆಲಸ ಮಾಡು ಎಂದು ಒಂದೇ ಸಾಲು ಬರೆದಿಟ್ಟರೆ ಸಾಕು. ಸೇವ್ ಆಗುವ ಮುನ್ನ ಸಾಲುಗಳ ಕೊನೆಯ ಖಾಲಿ ಜಾಗ ಅಳಿಸು ಎನ್ನಬಹುದು. ಹೆಸರಿನ ಕೊನೆಯಲ್ಲಿ ಉರ್ದು ಎಂದು ಗುರುತಿಟ್ಟ ಫೈಲ್ ತೆರೆದರೆ ಬಲದಿಂದ ಎಡಕ್ಕೆ ತೋರಿಸು ಎನ್ನಬಹುದು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಇಂಗ್ಲಿಷ್ ಬರೆಯುವ ನನ್ನಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಕಾಮರ್ಸ್‌ನವರಿಗೆ ಇದು ಹೊಸದೂ ಅಲ್ಲ. ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹೀಗೆಯೇ ಅಲ್ಲವೇ? ಯಾವಾಗ, ಯಾರಿಗೆ, ಎಷ್ಟು ಎಂದು ಒಮ್ಮೆ ಬರೆದುಕೊಡುತ್ತೇವೆ. ಅದೇ ಫಾರಂ ಎರಡು ಸಲ ಕೊಟ್ಟರೆ ಹಣವೂ ಎರಡು ಸಲ ಹೋಗಬಹುದು. ವಿಮ್‌ನಲ್ಲೂ ಸೆಟ್ಟಿಂಗ್ಸ್ ಫೈಲನ್ನು ಮತ್ತೆ ಓದಿಸಿದರೆ ಅದೇ ಆಜ್ಞೆ ಇನ್ನೊಮ್ಮೆ ಸೇರಿಕೊಂಡು ಕೆಲಸ ಎರಡೆರಡು ಸಲ ನಡೆಯುತ್ತದೆ. ಅದಕ್ಕೇ ಆಜ್ಞೆಗಳನ್ನು ಒಂದು ಗುಂಪಿನಲ್ಲಿಟ್ಟು, ಮೊದಲು ಹಳೆಯವನ್ನು ತೆಗೆದು ಆಮೇಲೆ ಹೊಸದನ್ನು ಸೇರಿಸುತ್ತಾರೆ.

ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ಸೋಮಾರಿಗಳಾಗುತ್ತೇವೆ ಎನ್ನುವವರೂ ಇದ್ದಾರೆ. ಆದರೆ ನನ್ನ ಭಯವೇ ಬೇರೆ. ನಮಗೆ ಗೊತ್ತಿಲ್ಲದ ನಿಯಮವನ್ನು ಬೇರೆಯವರು ಬರೆದಿಟ್ಟಿರುತ್ತಾರೆ; ಅದು ನಮ್ಮನ್ನು ಕೇಳದೆ ನಡೆಯುತ್ತದೆ. ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ತಾನಾಗಿಯೇ ತಾರೀಕು ಮಾಡಿಬಿಡುತ್ತಿತ್ತು. ಕೊನೆಗೆ ವಿಜ್ಞಾನಿಗಳೇ ಹೆಸರು ಬದಲಿಸಿದರು. 'ಮಾರ್ಚ್1' ಎಂಬ ಜೀನ್ 'ಮಾರ್ಚ್‌ಎಫ್1' ಆಯಿತು. 2020ರಲ್ಲಿ ಇದು ದೊಡ್ಡ ಸುದ್ದಿಯೂ ಆಗಿತ್ತು. ತಜ್ಞರ ಪಾಡೇ ಹೀಗಾದರೆ, ನಾಳೆ ಅಂಗಡಿಯ ಲೆಕ್ಕ ಬರೆಯುವ ನಮ್ಮ ಗತಿ ಏನು?

ಸೆಕೆಂಡ್ ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಬಿ.ಕಾಂ ಸೇರುತ್ತೇವೆ, ಕೆಲವರು ನೇರವಾಗಿ ಕೆಲಸಕ್ಕೆ ಹೋಗುತ್ತೇವೆ. ಒಂದೇ ಕೀಲಿಯನ್ನು ನೂರು ಸಲ ಒತ್ತುವ ಕೆಲಸವನ್ನು ಯಂತ್ರ ಮಾಡಬಲ್ಲದು. ಯಾವಾಗ ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ಬರೆದುಕೊಡುವವರು ಬೇಕೇ ಬೇಕು. ಅದನ್ನು ಬರೆಯುವವರು ನಾವೇಕೆ ಆಗಬಾರದು?

ಆದ್ದರಿಂದ ನಮ್ಮ ಗುರುಗಳಲ್ಲಿ ಒಂದು ವಿನಂತಿ. ವಾರದಲ್ಲಿ ಒಂದೇ ಒಂದು ಲ್ಯಾಬ್ ಪೀರಿಯಡ್ ಇದಕ್ಕೆ ಕೊಡಿ. ಕಾಮರ್ಸ್‌ನ ಹುಡುಗ ಹುಡುಗಿಯರಿಗೂ ಕೊಡಿ.