ಮಂದೆ ಕೂಡಿಸುವ ಹೊತ್ತು

ದೂರದ ಐಸ್‌ಲೆಂಡ್ ದ್ವೀಪದಲ್ಲಿ ಸೆಪ್ಟೆಂಬರ್ ಬಂದಿತೆಂದರೆ ರೈತರು ಕುದುರೆಯೇರಿ ಬೆಟ್ಟಕ್ಕೆ ಹೊರಡುತ್ತಾರೆ. ಬೇಸಗೆಯೆಲ್ಲ ಅಲ್ಲಿ ಮೇಯಲು ಬಿಟ್ಟಿದ್ದ ಕುರಿಗಳನ್ನು ಇಳಿಸಿ ತಂದು, ಕಿವಿಯ ಗುರುತು ನೋಡಿ ಅವರವರಿಗೆ ಹಂಚುತ್ತಾರೆ. ಈ ಸಂಭ್ರಮದಲ್ಲಿ ಪಾಲುಗೊಳ್ಳಲು ಪರದೇಶದ ಪ್ರವಾಸಿಗರು ಹಣ ತೆರುವುದೂ ಉಂಟು.

ಕುರಿ ಕೂಡಿಸುವುದನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಸುತ್ತಿನ ಸೀಮೆಯಲ್ಲಿ ಕುರುಬನಿಗೆ ಅದು ವರ್ಷಕ್ಕೊಮ್ಮೆಯ ಹಬ್ಬವಲ್ಲ, ದಿನವೂ ಸಂಜೆಯ ಕೆಲಸ. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ. ಸವಾರಿ ತನ್ನೆರಡು ಕಾಲುಗಳದ್ದೇ. ಕನ್ನಡ ನಾಡಿನ ವಲಸೆಯ ಮಂದೆಗಳಲ್ಲಿ ಕೆಲವಕ್ಕೆ ಕುದುರೆಯ ಜೊತೆಯುಂಟು. ಆದರೆ ಅದು ಹೊರುವುದು ಒಡೆಯನನ್ನಲ್ಲ, ಪಾತ್ರೆಪಡಗಗಳನ್ನೂ ನಡೆಯಲಾರದ ಮರಿಗಳನ್ನೂ.

ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಂತರೆ ಹಿಕ್ಕೆ, ಗಂಜಳಗಳಿಂದ ನೆಲ ಹಸನಾಗುತ್ತದೆ. ರೈತನು ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಆದರೆ ಹಗಲು ಮೇಯುವುದೆಲ್ಲಿ? ಇದೇ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು 2010ರ ಆಸುಪಾಸಿನಲ್ಲಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳು ಪ್ರತಿಭಟಿಸಿದರು. ಅವರ ನಷ್ಟ ಅವರಲ್ಲಿಗೇ ನಿಲ್ಲುವುದಿಲ್ಲ. ಮಂದೆ ಬಾರದ ಹೊಲಕ್ಕೆ ಗೊಬ್ಬರವೂ ಬಾರದು.

ಸಂಜೆ ಕೂಡಿಸಲು ಕುರಿಗಳಿರಬೇಕಾದರೆ, ಹಗಲು ಬಿಡಲು ಬಯಲಿರಬೇಕು.