ಗೇಟ್ ಪರೀಕ್ಷೆಯ ಮೌಸ್ ಲೆಕ್ಕ

ಅರಸೀಕೆರೆಯಿಂದ ಹುಬ್ಬಳ್ಳಿಗೆ ಗೇಟ್ ಪರೀಕ್ಷೆ ಬರೆಯಲು ಹೊರಟಾಗ ನನ್ನ ಬ್ಯಾಗಿನಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ. ಒಯ್ದಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಬೆಂಗಳೂರಿನ ಐಐಎಸ್‌ಸಿ ಪರೀಕ್ಷೆ ನಡೆಸಿದ 2016ರಿಂದ ಎಲ್ಲರಿಗೂ ಕಂಪ್ಯೂಟರ್ ಪರದೆಯ ಮೇಲಿನ ಒಂದೇ ಕ್ಯಾಲ್ಕುಲೇಟರ್. ಕಾಪಿಗೆ ಅವಕಾಶವಿಲ್ಲ, ದುಬಾರಿ ಯಂತ್ರ ಇದ್ದವರು, ಇಲ್ಲದವರು ಎಂಬ ಭೇದವೂ ಇಲ್ಲ. ಒಳ್ಳೆಯ ನಿಯಮವೆಂದೇ ನಂಬಿದ್ದೆ.

ಸಿವಿಲ್ ಪತ್ರಿಕೆಯ ನಾಲ್ಕೈದು ಲೆಕ್ಕ ಮುಗಿಯುವಷ್ಟರಲ್ಲಿ ಬೆವರು ಬಂತು. ಕೀಬೋರ್ಡ್ ಮುಟ್ಟುವಂತಿಲ್ಲ, ಪ್ರತಿ ಅಂಕಿಯನ್ನೂ ಮೌಸ್‌ನಿಂದಲೇ ಒತ್ತಬೇಕು. ಕಾಲೇಜಿನಲ್ಲಿ ಬಳಸಿದ ಕ್ಯಾಲ್ಕುಲೇಟರ್‌ನಲ್ಲಿ ಮೊದಲು ಸೈನ್, ಆಮೇಲೆ 30. ಇಲ್ಲಿ ಮೊದಲು 30, ಆಮೇಲೆ ಸೈನ್. ಉತ್ತರ ಬಂದ ಮೇಲೆ ಅದನ್ನು ನೋಡಿಕೊಂಡು ಪರದೆಯ ಕೀಪ್ಯಾಡ್‌ನಲ್ಲಿ ಮತ್ತೆ ಒತ್ತಬೇಕು. ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇಯಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲದಷ್ಟೇ ಇರುವ ಸಾದಾ ಕ್ಯಾಲ್ಕುಲೇಟರ್ ಇದ್ದರೂ, ಉತ್ತರವನ್ನು ನೇರವಾಗಿ ಚೌಕಕ್ಕೆ ಕಳಿಸುವ ಗುಂಡಿಯೊಂದಿದೆ. ಮೂರು ಗಂಟೆ, 65 ಪ್ರಶ್ನೆಗಳ ಗೇಟ್‌ನಲ್ಲಿ ಅಂಥದ್ದೊಂದು ಇದ್ದಿದ್ದರೆ!

ತಪ್ಪು ನನ್ನದೂ ಹೌದು. ಗೇಟ್ ಜಾಲತಾಣದಲ್ಲಿ ಅಣಕು ಪರೀಕ್ಷೆ ಉಚಿತವಾಗಿಯೇ ಇರುತ್ತದೆ. ಆದರೆ ನಾನು ಓದಿದ್ದೆಲ್ಲ ಮೊಬೈಲ್‌ನಲ್ಲಿ. ಬೆರಳಿಗಿದ್ದ ರೂಢಿ ಮೌಸ್‌ಗೆ ಬರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇರುವ ಹುಡುಗನಿಗೆ ಇದು ಸಮಸ್ಯೆಯೇ ಅಲ್ಲ. ಕ್ಯಾಲ್ಕುಲೇಟರ್ ಎಲ್ಲರಿಗೂ ಒಂದೇ ಆಯಿತು ನಿಜ, ಅಭ್ಯಾಸ ಒಂದೇ ಆಗಲಿಲ್ಲ. ಗೇಟ್‌ನಲ್ಲಿ ಅರ್ಹತೆ ಪಡೆದು ಎಂ.ಟೆಕ್‌ಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ. ಎನ್‌ಟಿಪಿಸಿಯಂಥ ಸಾರ್ವಜನಿಕ ಉದ್ದಿಮೆಗಳೂ ಈ ಅಂಕ ನೋಡಿ ಕೆಲಸಕ್ಕೆ ತೆಗೆದುಕೊಂಡಿವೆ. ಒಂದೆರಡು ಲೆಕ್ಕ ಕೈಬಿಟ್ಟರೂ ರ‍್ಯಾಂಕ್ ಎಲ್ಲಿಂದೆಲ್ಲಿಗೋ ಜಾರುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳು ಸಂಜೆ ಹೊತ್ತು ಲ್ಯಾಬ್ ತೆರೆದಿಟ್ಟರೆ ಸಾಕು, ಅರ್ಧ ತೊಂದರೆ ನೀಗುತ್ತದೆ. ಒಂದು ಕಿರುಪರೀಕ್ಷೆಯನ್ನಾದರೂ ಇದೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿಸಬಹುದು. ಪರೀಕ್ಷೆ ನಡೆಸುವವರು ಕೀಬೋರ್ಡಿನ ಅಂಕಿಗಳನ್ನಷ್ಟೇ ಬಿಟ್ಟುಕೊಟ್ಟರೆ ಕಾಪಿಯೇನೂ ಆಗಲಾರದು.

ಅಲ್ಲಿಯವರೆಗೆ ಕಡಿಮೆ ಒತ್ತುವುದನ್ನು ಕಲಿಯಬೇಕು. 0.3 ಮೀಟರ್ ವ್ಯಾಸದ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಬೇಕೆನ್ನಿ. ಪೈ ಭಾಗಿಸು ನಾಲ್ಕು ಅಂದರೆ 0.785 ಎಂಬುದು ಬಾಯಿಗೆ ಬಂದಿದ್ದರೆ, ಅದನ್ನು 0.09ರಿಂದ ಗುಣಿಸಿದರೆ 0.071ರ ಹತ್ತಿರ. ಮೌಸ್ ಮುಟ್ಟುವ ಕೆಲಸವೇ ಇಲ್ಲ. ಮೊದಲೇ ಅಂದಾಜು ಕಟ್ಟಿಕೊಂಡಿದ್ದರೆ ಡಿಗ್ರಿ ಬದಲು ರೇಡಿಯನ್‌ನಲ್ಲಿ ಒತ್ತಿದ ತಪ್ಪೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಈ ಸಲ ಮತ್ತೆ ಬರೆಯುತ್ತಿದ್ದೇನೆ. ಭಾನುವಾರ ಹರಪನಹಳ್ಳಿಗೆ ಹೋಗಿ, ಕಂಪ್ಯೂಟರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಮೌಸ್‌ನಲ್ಲೇ ಲೆಕ್ಕ ಮಾಡುತ್ತೇನೆ. 'ಎರಡು ತಾಸಿಂದ ಬರೀ ಕ್ಯಾಲ್ಕುಲೇಟರ್ ಒತ್ತಾಕತ್ತೀಯಲ್ಲೋ ತಮ್ಮಾ, ಮೊಬೈಲಾಗ ಇಲ್ಲೇನು?' ಎಂದು ಅಂಗಡಿಯ ಅಣ್ಣ ಮೊನ್ನೆ ಕೇಳಿದರು.